ಕಾಲುಸಂಕ

ನಮ್ಮ ಹರಿಹರಪುರದ ಸುತ್ತಮುತ್ತಲಿನ ಹಳ್ಳಿಗಳಲ್ಲಿ ಮಳೆ ಹಿಡಿಯಿತೆಂದರೆ, ಮನೆಗೂ ಮನೆಗೂ, ಮನೆಗೂ ಶಾಲೆಗೂ, ತೋಟಕ್ಕೂ ಪೇಟೆಗೂ ನಡುವೆ ಉಳಿಯುವ ಸಂಬಂಧವೆಂಬುದು ಹಳ್ಳದ ಮೇಲೆ ಅಡ್ಡಹಾಕಿದ ಎರಡು ಮೂರು ಅಡಿಕೆಮರದ ಕಾಲುಸಂಕವೊಂದೇ. ಅದನ್ನು ಹಾಕುವವರು ನಾಲ್ವರು, ದಾಟುವವರು ಊರಿನವರೆಲ್ಲರೂ. ನಾನು ಬಾಲಕನಾಗಿದ್ದಾಗ ಒಂದು ವರ್ಷ ನೆರೆಮನೆಯವರು ಬೇಯಿಸಿ ಒಣಹಾಕಿದ್ದ ಅಡಿಕೆಯನ್ನು ಯಾವನೋ ರಾತ್ರೋರಾತ್ರಿ ಮೂಟೆ ಕಟ್ಟಿಕೊಂಡು ಹೋದನು. ಕೆಸರಿನ ಹೆಜ್ಜೆಗಳು ಸಂಕದ ಕಡೆಗೆ ಹೋಗಿದ್ದುವು. ಬೆಳಗಾಗುತ್ತಲೇ ಅಂಗಳದಲ್ಲಿ ಸೇರಿದವರಲ್ಲಿ ಕೋಪಾವಿಷ್ಟನಾದ ತರುಣನೊಬ್ಬನು, ಆ ಸಂಕವನ್ನೇ ಕಿತ್ತು ಹಳ್ಳಕ್ಕೆ ಬಿಡೋಣವೆಂದು ಎದ್ದು ನಿಂತನು. ಅಡಿಕೆ ಕಳೆದುಕೊಂಡ ಯಜಮಾನರೇ ಅವನನ್ನು ತಡೆದರು. "ಸಂಕ ಕಿತ್ತರೆ ನಾಳೆ ಮಕ್ಕಳು ಶಾಲೆಗೆ ಹೋಗೋದು ಹ್ಯಾಗೋ ಮಾರಾಯ? ಕಳ್ಳ ಈಜಿಕೊಂಡಾದ್ರೂ ಬರ್ತಾನೆ" ಎಂದು ಅವರು ಹೇಳಿದ್ದು ಇಂದಿಗೂ ನನ್ನ ಕಿವಿಯಲ್ಲಿದೆ.

ಕೃತಿಸ್ವಾಮ್ಯದ ಉಲ್ಲಂಘನೆಯ ಕಾರಣದಿಂದ ಜಾಲತಾಣಗಳನ್ನು ಮುಚ್ಚಿಸುವ ವಿಷಯವಾಗಿ ಇಂದು ಮಾತನಾಡಬೇಕೆಂದು ಒಪ್ಪಿಕೊಂಡಾಗ, ಈ ಮಾತೇ ನನಗೆ ಮೊದಲು ನೆನಪಾಯಿತು. ವಿಷಯವು ಪಟ್ಟಣದವರಿಗೂ ವಕೀಲರಿಗೂ ಸಂಬಂಧಿಸಿದ್ದೆಂದು ಕೆಲವರಿಗೆ ತೋರಬಹುದು. ಆದರೆ ದೊಡ್ಡ ಗ್ರಂಥಾಲಯವಿಲ್ಲದ, ಪುಸ್ತಕದ ಅಂಗಡಿಯನ್ನು ಘಟ್ಟ ಇಳಿದೋ ಬಯಲುಸೀಮೆಗೆ ಹೋಗಿಯೋ ಹುಡುಕಬೇಕಾದ ನಮ್ಮಂಥ ಊರುಗಳಿಗೆ ಇದು ತಟ್ಟುವಷ್ಟು ಬೇರೆಯವರಿಗೆ ತಟ್ಟದು.

ಕೆಲವು ವರ್ಷಗಳ ಹಿಂದಿನ ಆಷಾಢದ ಒಂದು ಸಂಜೆ, ವಿದ್ಯುತ್ತು ಹೋಗುವುದರೊಳಗಾಗಿ ನಾಲ್ಕು ಪುಟವನ್ನಾದರೂ ಓದಿಬಿಡೋಣವೆಂಬ ಅವಸರದಲ್ಲಿ ನಾನು ಗಳಗನಾಥರ 'ಮಾಧವ ಕರುಣಾವಿಲಾಸ'ವನ್ನು ತಂಗಿಯ ಮಗನ ಗಣಕಯಂತ್ರದ ಮುಂದೆ ಕುಳಿತು ತೆರೆದೆನು. ವಿದ್ಯಾರಣ್ಯರ ಕಥೆಯನ್ನು ಶೃಂಗೇರಿಯ ನೆರೆಯಲ್ಲಿ, ತುಂಗೆಯ ಸದ್ದು ಕೇಳುತ್ತಿರುವಾಗ ಓದಬೇಕೆಂಬುದು ನನ್ನ ಬಹುಕಾಲದ ಆಸೆ. ಪುಸ್ತಕವಾದರೋ ನನ್ನ ಕೈಗೆ ಎಟಕುವ ಯಾವ ಕಪಾಟಿನಲ್ಲಿಯೂ ಇರಲಿಲ್ಲ. ತೆರೆಯ ಮೇಲೆ ಕಂಡ ಆ ಪುಟವನ್ನು ನಿಮಗೆ ಹಾಗೆಯೇ ವರ್ಣಿಸುವೆನು. ಕಾಗದವು ಹಣ್ಣಾದ ಹಲಸಿನೆಲೆಯ ಬಣ್ಣಕ್ಕೆ ತಿರುಗಿದೆ. ನಡುವೆ ಹುಳು ಕೊರೆದ ಸಣ್ಣ ಸುರಂಗ. ಅಂಚಿನಲ್ಲಿ, ಛಾಯಾಚಿತ್ರ ತೆಗೆಯುವಾಗ ಪುಟವನ್ನು ಒತ್ತಿ ಹಿಡಿದಿದ್ದ ಕೆಲಸಗಾರರೊಬ್ಬರ ಹೆಬ್ಬೆರಳು. ಉಗುರಿನ ಬುಡದ ಕರಿಯ ಮಸಿಯೂ ಕಾಣುವಷ್ಟು ಸ್ಪಷ್ಟ. ಕೊನೆಯ ರಟ್ಟಿನ ಒಳಗೆ, ಹಿಂದಿರುಗಿಸತಕ್ಕ ದಿನಾಂಕದ ಚೀಟಿ, ಅದರ ಮೇಲೆ ನೇರಳೆ ಶಾಯಿಯ ಮುದ್ರೆಗಳು, ಕಡೆಯದು 1964ರದು. ಆಮೇಲೆ ಯಾರೂ ಆ ಪುಸ್ತಕವನ್ನು ಮನೆಗೆ ಒಯ್ದಂತಿಲ್ಲ.

ಈ ಬಗೆಯ ಪುಸ್ತಕಗಳು ಗಣಕಯಂತ್ರದ ತೆರೆಗೆ ಬಂದುದು ಹೇಗೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಬಾಲಕೃಷ್ಣನ್ ಅವರೂ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಜ್ ರೆಡ್ಡಿಯವರೂ ಕೈಜೋಡಿಸಿ, ಈ ಶತಮಾನದ ಆರಂಭದಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಎಂಬ ಮಹಾಕಾರ್ಯಕ್ಕೆ ತೊಡಗಿದರು. ದೇಶದ ಹಳೆಯ ಗ್ರಂಥಾಲಯಗಳ ಧೂಳಿನಿಂದ ಎತ್ತಿ ತಂದ ಅಸಂಖ್ಯ ಪುಸ್ತಕಗಳ ಪುಟಪುಟದ ಚಿತ್ರವನ್ನು ಅಲ್ಲಿ ತೆಗೆಯಲಾಯಿತು. ಆ ಪ್ರತಿಗಳ ಬಹುಭಾಗವು ಮುಂದೆ ಇಂಟರ್ನೆಟ್ ಆರ್ಕೈವ್ ಎಂಬ ಭಂಡಾರಕ್ಕೆ ಸೇರಿತು. ಇದು 1996ರಲ್ಲಿ ಬ್ರೂಸ್ಟರ್ ಕೇಲ್ ಎಂಬವರು ಸ್ಥಾಪಿಸಿದ್ದು. ಸ್ಯಾನ್ ಫ್ರಾನ್ಸಿಸ್ಕೊ ನಗರದ ಹಳೆಯ ಚರ್ಚೊಂದರ ಕಟ್ಟಡದಲ್ಲಿ ಇದರ ಕಚೇರಿ. ಹೆಬ್ಬೆರಳಿನ ಆ ಅಜ್ಞಾತ ಕೆಲಸಗಾರರು ಒತ್ತಿ ಹಿಡಿದ ಕನ್ನಡ ಪುಟಗಳು ಅಲ್ಲಿ ಲೋಕದ ಯಾರಿಗಾದರೂ ಕಾಸಿಲ್ಲದೆ ದೊರೆಯುತ್ತವೆ.

2017ರ ಆಗಸ್ಟ್ ತಿಂಗಳಲ್ಲಿ ಈ ಭಂಡಾರವು ಭಾರತದ ಓದುಗರಿಗೆ ಮುಚ್ಚಿಹೋಯಿತು. ಎರಡು ಹಿಂದೀ ಚಲನಚಿತ್ರಗಳ—'ಜಬ್ ಹ್ಯಾರಿ ಮೆಟ್ ಸೇಜಲ್' ಮತ್ತು 'ಲಿಪ್‌ಸ್ಟಿಕ್ ಅಂಡರ್ ಮೈ ಬುರ್ಖಾ'—ನಿರ್ಮಾಪಕರು, ತಮ್ಮ ಚಿತ್ರಗಳ ಕಳ್ಳಪ್ರತಿಗಳು ಹಬ್ಬದಂತೆ ತಡೆಯಬೇಕೆಂದು ಮದ್ರಾಸ್ ಉಚ್ಚ ನ್ಯಾಯಾಲಯವನ್ನು ಪ್ರಾರ್ಥಿಸಿ, ಎರಡು ಸಾವಿರದ ಆರುನೂರಕ್ಕೂ ಮೀರಿದ ತಾಣಗಳ ಪಟ್ಟಿಯೊಂದನ್ನು ಮುಂದಿಟ್ಟಿದ್ದರು. ಆ ಪಟ್ಟಿಯಲ್ಲಿ ಈ ಗ್ರಂಥಭಂಡಾರದ ಹೆಸರೂ ಇದ್ದಿತು. ಪ್ರತಿಬಂಧಕಾಜ್ಞೆ ಹೊರಟಿತು; ಬಾಗಿಲು ಬಿದ್ದಿತು. ತಮಗೆ ಯಾರೂ ಮುಂಚಿತವಾಗಿ ತಿಳಿಸಿರಲಿಲ್ಲವೆಂದು ಆ ಸಂಸ್ಥೆಯವರು ಹೇಳಿದರು. ಕೆಲವು ದಿನಗಳ ಮೇಲೆ ಬಾಗಿಲು ತೆರೆಯಿತು, ನಿಜ. ಆದರೆ ಎರಡು ಹಿಂದೀ ಚಿತ್ರಗಳ ಸಲುವಾಗಿ ಮಲೆನಾಡಿನ ಮೂಲೆಯ ಓದುಗನ ಕೈಯಿಂದ ಗಳಗನಾಥರ ಕಾದಂಬರಿಯೂ ಜಾರಿಹೋಗುವುದೆಂದರೆ, ಈ ಕಾರ್ಯಕಾರಣ ಸಂಬಂಧವನ್ನು ಯಾವ ತರ್ಕಶಾಸ್ತ್ರದಿಂದ ಸಮರ್ಥಿಸೋಣ?

ಇಂಥ ಆಜ್ಞೆಗಳ ಪೂರ್ವಕಥೆಯನ್ನು ಸ್ವಲ್ಪ ಹೇಳಬೇಕು. ಅಪರಾಧಿಯ ಹೆಸರು ತಿಳಿಯದಿದ್ದಾಗ ಆಂಗ್ಲ ನ್ಯಾಯಪದ್ಧತಿಯಲ್ಲಿ 'ಜಾನ್ ಡೋ' ಎಂಬ ಕಲ್ಪಿತನಾಮದ ಮೇಲೆ ದಾವೆ ಹೂಡುವುದುಂಟು. ನಮ್ಮ ದೇಶದಲ್ಲಿ ಆ ಕಲ್ಪಿತ ಪುರುಷನಿಗೆ 'ಅಶೋಕ್ ಕುಮಾರ್' ಎಂದು ನಾಮಕರಣವಾಗಿದೆ. 2002ರ ವಿಶ್ವಕಪ್ ಕಾಲ್ಚೆಂಡಿನ ಪಂದ್ಯಗಳನ್ನು ಅನುಮತಿಯಿಲ್ಲದೆ ತೋರಿಸುವ ಕೇಬಲ್ ನಡೆಸುವವರನ್ನು ತಡೆಯಲು ದೆಹಲಿಯ ಉಚ್ಚ ನ್ಯಾಯಾಲಯವು ಈ ಉಪಾಯವನ್ನು ಬಳಸಿತು. ಕೇಬಲ್ಲಿನ ತಂತಿಗೆ ತಕ್ಕದ್ದಾಗಿದ್ದ ಆ ಆಯುಧವು ಅಂತರ್ಜಾಲಕ್ಕೆ ಬಂದಾಗ ಅದರ ಏಟು ಎಲ್ಲೆಲ್ಲಿಯೋ ಬೀಳತೊಡಗಿತು. 2012ರಲ್ಲಿ 'ಕೊಲವೆರಿ' ಹಾಡಿನಿಂದ ಹೆಸರಾದ '3' ಎಂಬ ತಮಿಳು ಚಿತ್ರಕ್ಕಾಗಿ ಮದ್ರಾಸಿನಲ್ಲಿ ಪಡೆದ ಆಜ್ಞೆಯನ್ನು ಹಿಡಿದು, ಸಂಪರ್ಕ ಒದಗಿಸುವ ಸಂಸ್ಥೆಗಳು ವಿಮಿಯೋದಂಥ, ಸಾವಿರಾರು ಜನ ತಮ್ಮ ಸ್ವಂತ ಚಿತ್ರಗಳನ್ನು ಇರಿಸುವ ತಾಣವನ್ನೇ ಮುಚ್ಚಿದುವು. ಅದೇ ವರ್ಷದ ಜೂನ್ 22ರಂದು ನ್ಯಾಯಾಲಯವೇ ತನ್ನ ಆಜ್ಞೆಯನ್ನು ಸ್ಪಷ್ಟಪಡಿಸಿ, ಕಳ್ಳಪ್ರತಿಯಿರುವ ಆಯಾ ಪುಟದ ವಿಳಾಸಕ್ಕೆ ಮಾತ್ರ ಅದು ಅನ್ವಯಿಸತಕ್ಕದ್ದೆಂದು ಹೇಳಬೇಕಾಯಿತು. ಹಾಗೆ ಹೇಳಿದ ನ್ಯಾಯಾಲಯದಿಂದಲೇ ಐದು ವರ್ಷಗಳ ತರುವಾಯ ಗ್ರಂಥಭಂಡಾರವನ್ನು ಮುಚ್ಚಿಸಿದ ಆಜ್ಞೆಯೂ ಹೊರಟಿತೆಂಬುದು ನೋವಿನ ಸಂಗತಿ.

ಪುಟವನ್ನು ಮಾತ್ರ ತಡೆಯಿರೆಂದರೂ ಇಡೀ ತಾಣವೇ ಮುಚ್ಚಿಹೋಗುವುದೇಕೆ ಎಂದು ನೀವು ಕೇಳಬಹುದು. ನಮ್ಮ ಅಂಚೆಯಣ್ಣನ ಕೆಲಸವನ್ನು ನೆನೆದುಕೊಂಡರೆ ಇದು ಅರ್ಥವಾದೀತು. ಕಾರ್ಡಿನಲ್ಲಿ ಬರೆದುದನ್ನು ಅಂಚೆಯಣ್ಣನು ಬಯಸಿದರೆ ಓದಬಲ್ಲನು. ಅಂಟಿಸಿದ ಲಕೋಟೆಯಾದರೆ ಮೇಲಿನ ವಿಳಾಸವಷ್ಟೇ ಅವನಿಗೆ ಕಾಣುವುದು. ಮೊದಲು ಅಂತರ್ಜಾಲದ ವ್ಯವಹಾರವೆಲ್ಲ ಕಾರ್ಡಿನಂತೆ ಬಿಚ್ಚುಮಾತಾಗಿತ್ತು. ಈಗ ತಾಣದ ವಿಳಾಸದ ಮುಂದೆ ಎಚ್‌ಟಿಟಿಪಿಎಸ್ ಎಂಬ ಅಕ್ಷರಗಳಿದ್ದರೆ, ನೀವು ಯಾವ ಮನೆಗೆ ಹೋಗುತ್ತಿರುವಿರೆಂಬುದು ಸಂಪರ್ಕದವರಿಗೆ ತಿಳಿಯುವುದೇ ಹೊರತು, ಆ ಮನೆಯ ಯಾವ ಕೋಣೆಯ ಯಾವ ಪುಸ್ತಕವನ್ನು ತೆರೆದಿರೆಂಬುದು ತಿಳಿಯದು. ಈ ಗೋಪ್ಯತೆ ನಮ್ಮ ಹಿತಕ್ಕೇ ಇರುವುದು. ಬ್ಯಾಂಕಿನ ಲೆಕ್ಕದಿಂದ ಮೊದಲುಗೊಂಡು ವೈದ್ಯರ ಪತ್ರದವರೆಗೆ ಅದರ ಆಶ್ರಯದಲ್ಲಿದೆ. ಒಂದು ಕೋಣೆಯನ್ನು ಮುಚ್ಚಲು ಆಜ್ಞೆಯಾದರೆ, ಕೋಣೆಯನ್ನು ಗುರುತಿಸಲಾರದ ಸಂಪರ್ಕದವರು ಮನೆಯ ಹೆಬ್ಬಾಗಿಲಿಗೇ ಬೀಗ ಜಡಿಯುತ್ತಾರೆ. ಆದುದರಿಂದ ಪುಟವನ್ನು ತೆಗೆಯುವ ಕೆಲಸವು ಆ ಮನೆಯ ಯಜಮಾನನಿಗೆ ಸೇರಿದ್ದು. ಮೊದಲು ಅವನನ್ನು ಕೇಳಬೇಕು. ನಮ್ಮ ಕೃತಿಸ್ವಾಮ್ಯದ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯೂ 2013ರ ನಿಯಮಗಳೂ ಇಂಥದೇ ದಾರಿಯೊಂದನ್ನು ತೋರಿಸಿವೆ: ಕೆಲವು ಬಗೆಯ ಸೇವೆಗಳ ವಿಷಯದಲ್ಲಿ, ದೂರು ಬಂದರೆ 36 ಗಂಟೆಗಳೊಳಗೆ ವಸ್ತುವನ್ನು ತಡೆಹಿಡಿಯಬೇಕು, 21 ದಿನಗಳೊಳಗೆ ದೂರುದಾರನು ನ್ಯಾಯಾಲಯದ ಆಜ್ಞೆಯನ್ನು ತಾರದೆ ಹೋದರೆ ಮತ್ತೆ ತೆರೆಯಬಹುದು. ಕಾಲಮಿತಿಯಿರುವ ಇಂಥ ತಡೆಯಲ್ಲಿ ವಿವೇಕವಿದೆ.

ಕಳ್ಳನ ಪರವಾಗಿ ವಾದಿಸಲು ನಾನು ಇಲ್ಲಿ ಕುಳಿತಿಲ್ಲ. ಪುಸ್ತಕದ ಪ್ರತಿ ಮಾಡುವುದೇ ಪುಣ್ಯವೆನಿಸಿದ್ದ ಕಾಲವೊಂದಿತ್ತು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ಕನ್ನಡಿಗರು ಒಂದು ಸಾವಿರ ವರ್ಷಗಳಿಂದ ಕೃತಜ್ಞತೆಯಿಂದ ಸ್ಮರಿಸುತ್ತಿದ್ದಾರೆ. ಕವಿಗೆ ಅರಸನ ಆಶ್ರಯವಿದ್ದ ಯುಗವದು. ಆಶ್ರಯವು ಹೋಗಿ ಓದುಗನೇ ಆಶ್ರಯದಾತನಾದ ಯುಗದಲ್ಲಿ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಆ ಗಂಟಿನಿಂದ ಒಂದು ಪುಸ್ತಕವನ್ನು ಕದ್ದವನು ಒಂದು ಸಂಸಾರದ ಊಟವನ್ನು ಕದ್ದಂತೆಯೇ ಸರಿ. ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರು 1994ರಲ್ಲಿ ದೈವಾಧೀನರಾದರು. ಲೇಖಕನ ಮರಣಾನಂತರ 60 ವರ್ಷಗಳೆಂಬ ನಮ್ಮ ದೇಶದ ನಿಯಮದಂತೆ 2054ರ ಕೊನೆಯವರೆಗೆ ಅವರ ಕೃತಿಗಳ ಸ್ವಾಮ್ಯವು ಹಕ್ಕುದಾರರಲ್ಲಿ ಇರುವುದು. ಅವರ ಕಾದಂಬರಿಯನ್ನು ಅನುಮತಿಯಿಲ್ಲದೆ ಯಾವನಾದರೂ ಜಾಲದಲ್ಲಿ ಹರಿಯಬಿಟ್ಟರೆ ಆ ಪುಟವನ್ನು ತೆಗೆಸುವುದು ನ್ಯಾಯವೇ. ನಾನು ಹೊಗಳಿದ ಗ್ರಂಥಭಂಡಾರದೊಳಗೂ ಅವಧಿ ಮುಗಿಯದ ಪುಸ್ತಕಗಳು ನುಸುಳಿರುವುದುಂಟು. ಅವುಗಳನ್ನು ಹೆಸರು ಹಿಡಿದು ತೋರಿಸಿ ತೆಗೆಸಬೇಕು. ವರ್ಷಗಟ್ಟಲೆ ದುಡಿದು ತೆಗೆದ ಕನ್ನಡ ಚಿತ್ರವೊಂದು ಬಿಡುಗಡೆಯಾದ ಸಂಜೆಗೇ ಕೈಕೈಯ ದೂರವಾಣಿಯಲ್ಲಿ ಕಾಣಿಸಿಕೊಂಡರೆ, ಅದರಲ್ಲಿ ಬೆಳಕು ಹಿಡಿದವನಿಂದ ಅಡುಗೆ ಮಾಡಿದವನವರೆಗೆ ಎಲ್ಲರ ಮುಂದಿನ ಕೂಲಿಗೆ ಕುತ್ತು ಬರುವುದೆಂಬುದನ್ನೂ ಬಲ್ಲೆನು.

ಆ 60 ವರ್ಷಗಳ ಲೆಕ್ಕಕ್ಕೂ ಒಂದು ಕಥೆಯಿದೆ. ಮೊದಲು ಅದು 50 ಆಗಿತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕೃತಿಗಳು 1991ರ ಕೊನೆಗೆ ಸರ್ವರ ಸ್ವತ್ತಾಗುವ ಹೊತ್ತಿಗೆ ಕಾನೂನನ್ನೇ ತಿದ್ದಿ ಹತ್ತು ವರ್ಷ ಮುಂದಕ್ಕೆ ಹಾಕಲಾಯಿತು. ಆ ತಿದ್ದುಪಡಿಯ ದೆಸೆಯಿಂದ 1942ರಲ್ಲಿ ತೀರಿಕೊಂಡ ಗಳಗನಾಥರೂ, 1946ರಲ್ಲಿ ತೀರಿಕೊಂಡ ಬಿ. ಎಂ. ಶ್ರೀಕಂಠಯ್ಯನವರೂ ಟಿ. ಪಿ. ಕೈಲಾಸಂ ಅವರೂ ಹತ್ತು ಹತ್ತು ವರ್ಷ ತಡವಾಗಿ ನಮ್ಮೆಲ್ಲರವರಾದರು. ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ಗತಿಸಿದರಾದ ಕಾರಣ, ಅವರು ಬದುಕಿದ್ದಾಗ ಪ್ರಕಟಿಸಿದ ಕೃತಿಗಳು 2024ರ ಜನವರಿ 1ರಿಂದ ಮುಕ್ತವಾಗಿವೆ.

ತಡೆಯೊಂದರಿಂದಲೇ ಜನರ ಬಯಕೆಯನ್ನು ತಡೆಯಲಾಗದೆಂಬುದಕ್ಕೆ ನಾನು ಈಗ ಮಾತನಾಡುತ್ತಿರುವ ಈ ಬಾನುಲಿಯ ಚರಿತ್ರೆಯೇ ಸಾಕ್ಷಿ. 1952ರಲ್ಲಿ ಬಿ. ವಿ. ಕೇಸ್ಕರ್ ಅವರು ಪ್ರಸಾರದ ಮಂತ್ರಿಗಳಾದ ಮೇಲೆ ಚಿತ್ರಗೀತೆಗಳ ವಿಷಯದಲ್ಲಿ ಬಿಗಿಯಾದ ಧೋರಣೆ ತಳೆದರು. ಹಾಡುಗಳ ಹಕ್ಕುದಾರರಾದ ನಿರ್ಮಾಪಕರಿಗೂ ಆಕಾಶವಾಣಿಗೂ ವ್ಯಾಜ್ಯ ಬೆಳೆದು, ಚಿತ್ರಗೀತೆಗಳು ಇಲ್ಲಿಂದ ಹೆಚ್ಚುಕಡಿಮೆ ಮಾಯವಾದುವು. ಕೇಳುಗರು ಸುಮ್ಮನಿದ್ದರೇ? ನಮ್ಮ ಹಿರಿಯರ ಮನೆಯ ದೊಡ್ಡ ಪೆಟ್ಟಿಗೆಯ ರೇಡಿಯೊ, ವರ್ಷವರ್ಷವೂ ಅಂಚೆಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸಿನ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದ ಆ ರೇಡಿಯೊ, ಮುಳ್ಳು ತಿರುಗಿಸಿಕೊಂಡು ಸಿಂಹಳದ ನಿಲಯದ ಕಡೆಗೆ ಹೋಯಿತು. ವಾರಕ್ಕೊಮ್ಮೆ ಬಿನಾಕಾ ಗೀತಮಾಲಾ ಬರುವ ರಾತ್ರಿ, ಗಾಳಿಯಲ್ಲಿ ಏರುತ್ತ ತಗ್ಗುತ್ತ ಬರುವ ಆ ಧ್ವನಿಗಾಗಿ ಹತ್ತು ಮನೆಯವರು ಜಗಲಿಯಲ್ಲಿ ಸೇರುತ್ತಿದ್ದರೆಂದು ಕೇಳಿದ್ದೇನೆ. ಆ ಜನರನ್ನು ಮರಳಿ ಕರೆತಂದುದು 1957ರ ಅಕ್ಟೋಬರಿನಲ್ಲಿ ಆರಂಭವಾದ ವಿವಿಧ ಭಾರತಿ. ಅಂದರೆ, ಬೇಕಾದುದನ್ನು ಸರಿಯಾದ ದಾರಿಯಲ್ಲಿ ಮನೆಬಾಗಿಲಿಗೆ ತಂದುಕೊಟ್ಟ ಸೇವೆ. ಇಂದಿನ ಕಳ್ಳತಾಣಗಳೂ ಸಿಂಹಳದಂತೆಯೇ. ಒಂದನ್ನು ಮುಚ್ಚಿದರೆ ಹೆಸರಿನ ಬಾಲ ಬದಲಿಸಿಕೊಂಡು ಮೂರಾಗಿ ಏಳುತ್ತವೆ. ಇದನ್ನು ಕಂಡೇ ದೆಹಲಿಯ ನ್ಯಾಯಮೂರ್ತಿ ಮನಮೋಹನ್ ಅವರು 2019ರ ಏಪ್ರಿಲ್ 10ರ ತೀರ್ಪಿನಲ್ಲಿ, ಕಳವೇ ಮುಖ್ಯ ಕಸುಬಾದ ತಾಣವನ್ನು ಗುರುತಿಸುವ ಲಕ್ಷಣಗಳನ್ನು ಹೇಳಿ, ಅಂಥದರ ಪ್ರತಿಬಿಂಬಗಳು ಎದ್ದಂತೆಲ್ಲ ಹೊಸ ದಾವೆಯಿಲ್ಲದೆ ಅವುಗಳಿಗೂ ಆಜ್ಞೆಯನ್ನು ವಿಸ್ತರಿಸುವ ಮಾರ್ಗವನ್ನು ಒದಗಿಸಿದರು. ಲಕ್ಷಣಗಳನ್ನು ಹೇಳಿದುದು ಒಳ್ಳೆಯದಾಯಿತು. ವಿಸ್ತರಿಸುವ ಕೈಯಲ್ಲಿ ಅವು ನೆನಪಿರಬೇಕು.

ನಮ್ಮ ರಾಜ್ಯವೂ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಗೂಂಡಾ ಕಾಯಿದೆಯೆಂದು ಜನರು ಕರೆಯುವ 1985ರ ಕರ್ನಾಟಕದ ಕಾಯಿದೆಗೆ 2014ರಲ್ಲಿ ತಿದ್ದುಪಡಿ ತಂದು, ವಾಣಿಜ್ಯದ ಉದ್ದೇಶದಿಂದ ಕೃತಿಸ್ವಾಮ್ಯವನ್ನು ಬುದ್ಧಿಪೂರ್ವಕವಾಗಿ ಉಲ್ಲಂಘಿಸುವವನನ್ನು 'ಡಿಜಿಟಲ್ ಅಪರಾಧಿ' ಎಂದು ಅದರೊಳಗೆ ಸೇರಿಸಲಾಯಿತು. ಈ ಕಾಯಿದೆಯ ಬಲದಿಂದ, ವಿಚಾರಣೆಯಾಗಿ ಅಪರಾಧ ಸಿದ್ಧವಾಗುವುದಕ್ಕೆ ಮುಂಚೆಯೇ ಒಬ್ಬನನ್ನು ಒಂದು ವರ್ಷದವರೆಗೆ ಬಂಧನದಲ್ಲಿಡಬಹುದು. ಕೃತಿಯ ಪ್ರತಿ ಮಾಡಿದವನನ್ನೂ ಊರಿಗೆ ಬೆಂಕಿಯಿಡುವ ಗೂಂಡನನ್ನೂ ಒಂದೇ ಕಂಬಕ್ಕೆ ಕಟ್ಟುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಇನ್ನು ಚಲನಚಿತ್ರಗಳ ಮಟ್ಟಿಗೆ, 2023ರಿಂದ ಕೇಂದ್ರದ ಅಧಿಕಾರಿಗಳಿಗೇ ದೂರು ಕೊಡಬಹುದು. 48 ಗಂಟೆಗಳೊಳಗೆ ಕಳ್ಳಪ್ರತಿಯನ್ನು ತೆಗೆಸುವ ವ್ಯವಸ್ಥೆಯಿದೆ. ವೇಗವು ನಿರ್ಮಾಪಕನಿಗೆ ಬೇಕಾದದ್ದೇ. ಆದರೆ ಆ ವೇಗದಲ್ಲಿ ಎರಡನೆಯ ಪಕ್ಷದ ಮಾತು ಕೇಳುವವರು ಯಾರು?

ನಮ್ಮ ಹರಿಹರಪುರವು ದಕ್ಷನು ಯಜ್ಞ ಮಾಡಿದ ಸ್ಥಳವೆಂದು ಐತಿಹ್ಯ. ದಕ್ಷಹರ ಸೋಮೇಶ್ವರನು ಇಲ್ಲಿ ಇಂದಿಗೂ ಪೂಜೆಗೊಳ್ಳುತ್ತಿದ್ದಾನೆ. ಆ ಯಜ್ಞದಲ್ಲಿ ಮಂತ್ರಕ್ಕೆ ಲೋಪವಿರಲಿಲ್ಲ, ಹವಿಸ್ಸಿಗೆ ಕೊರತೆಯಿರಲಿಲ್ಲ. ಇದ್ದ ದೋಷವೊಂದೇ—ಕರೆಯಬೇಕಾದವನನ್ನು ಕರೆದಿರಲಿಲ್ಲ. ಸಂಬಂಧಪಟ್ಟವನನ್ನು ಕರೆಯದೆ ಕೊಡುವ ಏಕಪಕ್ಷೀಯವಾದ ಆಜ್ಞೆಯನ್ನು ಕುರಿತು ಓದುವಾಗಲೆಲ್ಲ ನಮ್ಮ ಊರಿನ ಈ ಕಥೆ ನನಗೆ ಎದುರಾಗುತ್ತದೆ. ಕೃತಿಸ್ವಾಮ್ಯದ್ದಲ್ಲದಿದ್ದರೂ, ಬರೆದವನಿಗೆ ತಿಳಿಸದೆ ಬರಹವನ್ನು ತಡೆಯಬಹುದೇ ಎಂಬ ಇದೇ ಪ್ರಶ್ನೆಯು ಟ್ವಿಟರ್ ಸಂಸ್ಥೆಯ ಅರ್ಜಿಯ ರೂಪದಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯದ ಮುಂದೆಯೂ ಬಂದಿತ್ತು; 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ದೀಕ್ಷಿತರು ಅರ್ಜಿಯನ್ನು ವಜಾ ಮಾಡಿ 50 ಲಕ್ಷ ರೂಪಾಯಿಗಳ ವೆಚ್ಚವನ್ನು ವಿಧಿಸಿದರು; ಸಂಸ್ಥೆಯು ಮೇಲ್ಮನವಿಗೆ ಹೋಯಿತು. ದೊಡ್ಡ ಸಂಸ್ಥೆಗೆ ವಕೀಲರ ಬಲವಾದರೂ ಇರುವುದು. ನಾನು ಮರುಗುವುದು, ತನ್ನ ಬರಹವೋ ತನ್ನ ಓದೋ ಏತಕ್ಕೆ ನಿಂತಿತೆಂಬುದೇ ತಿಳಿಯದ ಒಬ್ಬೊಂಟಿ ಮನುಷ್ಯನಿಗಾಗಿ.

ಈ ಮರುಕವನ್ನು ನ್ಯಾಯಾಸನದಲ್ಲಿ ಕುಳಿತೇ ಕಾರ್ಯಕ್ಕೆ ತಂದವರೊಬ್ಬರಿದ್ದಾರೆ. 2016ರ ಜುಲೈಯಲ್ಲಿ 'ಢಿಶೂಂ' ಎಂಬ ಚಿತ್ರದ ಸಲುವಾಗಿ ಮುಂಬಯಿಯ ಉಚ್ಚ ನ್ಯಾಯಾಲಯಕ್ಕೆ ಹೋದವರಿಗೆ ನ್ಯಾಯಮೂರ್ತಿ ಗೌತಮ್ ಪಟೇಲರು, ಪಟ್ಟಿಯ ಒಂದೊಂದು ಕೊಂಡಿಯನ್ನೂ ತೆರೆದು ನೋಡಿ, ಪ್ರಮಾಣಪೂರ್ವಕವಾಗಿ ಖಚಿತಪಡಿಸಿ ತನ್ನಿರೆಂದು ವಿಧಿಸಿದರು. ಇಡಿಯ ತಾಣಗಳನ್ನು ಸಾರಾಸಗಟಾಗಿ ಮುಚ್ಚಿಸಲು ಒಪ್ಪಲಿಲ್ಲ. ಮುಚ್ಚಿದ ಪುಟದ ಜಾಗದಲ್ಲಿ ದಾವೆಯ ಸಂಖ್ಯೆಯೂ, ಬಾಧಿತನಾದವನು ಯಾರ ಬಳಿ ಹೋಗಬೇಕೆಂಬುದೂ ಕಾಣಿಸಬೇಕೆಂದರು. ಅದೇ ವರ್ಷದ ಆಗಸ್ಟಿನಲ್ಲಿ, ಮುಚ್ಚಿದ ತಾಣವನ್ನು ನೋಡಲೆತ್ನಿಸಿದವರಿಗೆ ಮೂರು ವರ್ಷ ಸೆರೆಯೆಂಬ ಅರ್ಥ ಬರುವ ಎಚ್ಚರಿಕೆಯೊಂದು ತೆರೆಗಳ ಮೇಲೆ ಮೂಡಿ ದೇಶದಲ್ಲೆಲ್ಲ ಗಾಬರಿ ಹಬ್ಬಿತಷ್ಟೆ? ನೋಡಿದ ಮಾತ್ರಕ್ಕೆ ಅಪರಾಧವಾಗದೆಂದು ಸ್ಪಷ್ಟಪಡಿಸಿ ಆ ಮಾತನ್ನು ತಿದ್ದಿಸಿದವರೂ ಅವರೇ. ನಾನು ಬೇಡುವುದು ಇದಕ್ಕಿಂತ ಹೆಚ್ಚಿನದಲ್ಲ. ಬಾಗಿಲಿಗೆ ಬೀಗ ಹಾಕುವವರು ಯಾವ ಆಜ್ಞೆಯಿಂದ, ಯಾರ ದೂರಿನ ಮೇಲೆ, ಎಷ್ಟು ದಿನಕ್ಕೆ ಎಂಬುದನ್ನು ಆ ಬಾಗಿಲ ಮೇಲೆ ಬರೆಯಲಿ. ಕನ್ನಡನಾಡಿನ ಓದುಗನಿಗೆ ಅದು ಕನ್ನಡದಲ್ಲಿ ಕಾಣಲಿ. ತಪ್ಪಾಗಿ ಬೀಗ ಹಾಕಿಸಿದವನು ಅದರ ನಷ್ಟವನ್ನು ತೆರಲಿ.

ಆ 2017ರ ತರುವಾಯ ನಮ್ಮ ಮನೆಯಲ್ಲಿ ಹೊಸ ಅಭ್ಯಾಸವೊಂದು ಬೆಳೆದಿದೆ. ಅಟ್ಟದ ಮೇಲಿನ ಮರದ ಪೆಟ್ಟಿಗೆಯಲ್ಲಿ ನಮ್ಮ ಮುತ್ತಜ್ಜನ ಕಾಲದ ಎರಡು ಓಲೆಗರಿಯ ಕಟ್ಟುಗಳಿವೆ. ಬರೆದವರ ಹೆಸರು ಅಳಿಸಿಹೋಗಿದೆ. ಕತ್ತು ಬಗ್ಗಿಸಿ ಕಣ್ಣು ನೋಯಿಸಿಕೊಂಡು ಬರೆದಿದ್ದೇನೆ, ಎಣ್ಣೆಯಿಂದಲೂ ನೀರಿನಿಂದಲೂ ಕಾಪಾಡಿರೆಂದು ಲಿಪಿಕಾರರು ಬೇಡಿಕೊಳ್ಳುವ ವಾಡಿಕೆಯ ಮಾತು ಕೊನೆಯ ಗರಿಯಲ್ಲಿ ಉಳಿದಿದೆ. ಸ್ವಾಮ್ಯದ ಅವಧಿ ಮುಗಿದ ಕನ್ನಡ ಪುಸ್ತಕಗಳನ್ನು ತಂಗಿಯ ಮಗನು ರಜೆಗೆ ಬಂದಾಗಲೆಲ್ಲ ಇಳಿಸಿ, ಹೆಬ್ಬೆರಳಿನಷ್ಟು ಉದ್ದದ ಪೆನ್‌ಡ್ರೈವಿನಲ್ಲಿ ತುಂಬಿಕೊಡುತ್ತಾನೆ. ಅದನ್ನು ತೇವ ತಾಗದಂತೆ ಸಣ್ಣ ಡಬ್ಬಿಯಲ್ಲಿರಿಸಿ ಆ ಕಟ್ಟುಗಳ ಪಕ್ಕದಲ್ಲಿಟ್ಟಿದ್ದೇನೆ. ಶೃಂಗೇರಿಯಿಂದಲೂ ಕೊಪ್ಪದಿಂದಲೂ ಓದುವ ಮಕ್ಕಳು ಕೇಳಿಕೊಂಡು ಬರುವುದುಂಟು. ಹೋದ ವಾರ ಬಂದ ಹುಡುಗಿಯೊಬ್ಬಳು ಗೋವಿಂದ ಪೈಗಳ 'ಗಿಳಿವಿಂಡು' ಇದೆಯೇ ಎಂದು ಕೇಳಿದಳು. ಈ ಸಲ ಅದು ಸೇರಿತ್ತು.